ಜಾರುವ ಚಡ್ಡಿಗೊಂದು ಪಟ್ಟಿ: ಕಂಡುಹಿಡಿದವನು ಕಾದಂಬರಿಕಾರ!

ಜೂನ್ ಬಂತೆಂದರೆ ಗಡಿಯ ಆಚೆಗೂ ಈಚೆಗೂ ಶಾಲೆ ಶುರು. ಕನ್ನಡ ಶಾಲೆ ಇರಲಿ, ಮರಾಠಿ, ತೆಲುಗು, ತಮಿಳು, ಮಲಯಾಳಂ ಶಾಲೆ ಇರಲಿ, ಒಂದು ನೋಟ ಮಾತ್ರ ಎಲ್ಲ ಕಡೆಯೂ ಒಂದೇ. ಹುಡುಗನ ಒಂದು ಕೈಯಲ್ಲಿ ಪುಸ್ತಕದ ಚೀಲ, ಇನ್ನೊಂದು ಕೈಯಲ್ಲಿ ಜಾರುವ ಚಡ್ಡಿ!

‘ಬೆಳೆಯುವ ಹುಡುಗ, ಒಂದು ಸೈಜು ದೊಡ್ಡದೇ ಇರಲಿ’ ಎಂದು ಮನೆಯಲ್ಲಿ ತಂದ ಚಡ್ಡಿ ಅದು. ಮೊದಲ ವರ್ಷ ಅದು ಸೊಂಟದಲ್ಲಿ ನಿಲ್ಲುವುದಿಲ್ಲ. ಎರಡನೇ ವರ್ಷ ಸರಿಯಾಗುತ್ತದೆ. ಮೂರನೇ ವರ್ಷ ಗುಂಡಿ ಹಾಕಲು ಉಸಿರು ಬಿಗಿ ಹಿಡಿಯಬೇಕು. ಅಷ್ಟರಲ್ಲಿ ತಮ್ಮನಿಗೆ ಅದೇ ಚಡ್ಡಿ ಬರುತ್ತದೆ, ಮತ್ತೆ ಜಾರಾಟ ಶುರು. ಉಡಿದಾರಕ್ಕೆ ಸಿಕ್ಕಿಸುವುದು, ಸೊಂಟಕ್ಕೆ ಪಿನ್ನು ಚುಚ್ಚುವುದು, ಹಗ್ಗ ಕಟ್ಟುವುದು ಇವೆಲ್ಲ ಮನೆಮನೆಯ ಉಪಾಯಗಳು.

ಬಟ್ಟೆಯೊಂದು, ಮೈ ಹಲವು. ಈ ತೊಡಕಿಗೆ 1871ರಲ್ಲಿ ಅಮೆರಿಕದ ಒಬ್ಬ ಲೇಖಕ ಒಂದು ಸಣ್ಣ ಪಟ್ಟಿಯನ್ನು ಕಂಡುಹಿಡಿದು, ಅದಕ್ಕೆ ಪೇಟೆಂಟ್ ಕೂಡ ಪಡೆದ. ಪೇಟೆಂಟ್ ಕಾಗದದಲ್ಲಿರುವ ಹೆಸರು ಸ್ಯಾಮುಯೆಲ್ ಎಲ್. ಕ್ಲೆಮೆನ್ಸ್. ಜಗತ್ತಿಗೆ ಗೊತ್ತಿರುವ ಹೆಸರು ಮಾರ್ಕ್ ಟ್ವೇನ್. ‘ಟಾಮ್ ಸಾಯರ್’, ‘ಹಕಲ್‌ಬರಿ ಫಿನ್’ ಕಥೆಗಳಿಂದ ಮನೆಮಾತಾದ ಅದೇ ಟ್ವೇನ್!

ಸುತ್ತುವ ಬಟ್ಟೆ, ಹೊಲಿದ ಬಟ್ಟೆ

ಪಂಚೆ, ಲುಂಗಿ, ಸೀರೆಗೆ ಅಳತೆಯ ತಾಪತ್ರಯವಿಲ್ಲ. ಕಾಸರಗೋಡಿನ ಕಡೆಯ ಮುಂಡು ಅಪ್ಪನಿಗೂ ಆಗುತ್ತದೆ, ಮಗನಿಗೂ ಆಗುತ್ತದೆ. ಜತ್, ಅಕ್ಕಲಕೋಟದ ಕಡೆ ಅಜ್ಜಿಯ ಒಂಬತ್ತು ಗಜದ ಸೀರೆಯನ್ನು ಮೊಮ್ಮಗಳು ಉಡಬೇಕಾದರೆ ಒಂದು ಹೊಲಿಗೆಯನ್ನೂ ಬಿಚ್ಚಬೇಕಿಲ್ಲ. ಮೈ ಸಣ್ಣದಾದರೆ ನೆರಿಗೆ ಹೆಚ್ಚು, ದಪ್ಪವಾದರೆ ನೆರಿಗೆ ಕಡಿಮೆ. ಲೆಕ್ಕ ಅಲ್ಲಿಗೆ ಮುಗಿಯಿತು. ಬಸುರಿಗೂ ಬಾಣಂತಿಗೂ ಅದೇ ಸೀರೆ ನಡೆಯುತ್ತದೆ.

ಕತ್ತರಿಸಿ ಹೊಲಿದ ಬಟ್ಟೆ ಹಾಗಲ್ಲ. ಒಮ್ಮೆ ಹೊಲಿದರೆ ಅದರ ಅಳತೆ ನಿಂತುಬಿಡುತ್ತದೆ. ಮೈ ಮಾತ್ರ ನಿಲ್ಲುವುದಿಲ್ಲ. ಮಕ್ಕಳು ಬೆಳೆಯುತ್ತಾರೆ, ವಯಸ್ಸಾದವರು ಇಳಿಯುತ್ತಾರೆ, ಕಾಯಿಲೆ ಬಿದ್ದವರು ಸೊರಗುತ್ತಾರೆ. ಅಷ್ಟೇಕೆ, ಊಟಕ್ಕೆ ಮುಂಚೆ ಇದ್ದ ಸೊಂಟ ಊಟ ಮುಗಿದ ಮೇಲೆ ಇರುವುದಿಲ್ಲ!

ಅದಕ್ಕೆ ಹಳಬರು ಕಂಡುಕೊಂಡ ಮೊದಲ ಉಪಾಯವೇ ಕಟ್ಟುವುದು. ಲಂಗಕ್ಕೆ, ಪೈಜಾಮಕ್ಕೆ ಲಾಡಿ. ಕೂಸಿನ ಅಂಗಿಗೆ ಕಸೆ. ಈ ಲಾಡಿಗೆ ಗಡಿ ದಾಟಿದಂತೆ ಹೆಸರು ಬದಲು. ಮರಾಠಿಯಲ್ಲಿ ನಾಡಾ, ತಮಿಳಿನಲ್ಲೂ ನಾಡಾ, ತೆಲುಗಿನಲ್ಲಿ ಬೊಂದು, ಮಲಯಾಳದಲ್ಲಿ ಚರಡು. ಹೆಸರು ಯಾವುದಾದರೂ ಕೆಲಸ ಒಂದೇ. ಬಟ್ಟೆಯನ್ನು ಅಗಲವಾಗಿ ಹೊಲಿದು, ಬೇಕಾದಷ್ಟು ಎಳೆದು ಕಟ್ಟುವುದು. ಲಾಡಿಯ ಬಟ್ಟೆ ಯಾರಿಗೂ ಆಗುತ್ತದೆ. ಆದರೆ ಸೊಂಟದ ಸುತ್ತ ಬಟ್ಟೆ ಗುಡ್ಡೆ ಬೀಳುತ್ತದೆ. ಕೋಟು, ಪ್ಯಾಂಟಿನಂಥ ಮೈಗೆ ಹತ್ತಿದಂತೆ ನಿಲ್ಲಬೇಕಾದ ಬಟ್ಟೆಗೆ ಅದು ಒಗ್ಗುವುದಿಲ್ಲ.

ಯುರೋಪು, ಅಮೆರಿಕಗಳಲ್ಲಿ ಉಳ್ಳವರು ಟೈಲರನ ಬಳಿ ಅಳತೆ ಕೊಟ್ಟು ಹೊಲಿಸುತ್ತಿದ್ದರು. ಇಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಗಳಿಗೆ ಪೇಟೆಂಟ್ ಪಡೆದ ಮೇಲೆ ಚಿತ್ರ ಬದಲಾಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧಕ್ಕೆ ಲಕ್ಷಾಂತರ ಸೈನಿಕರ ಉಡುಪು ಬೇಕಾಯಿತು. ಒಬ್ಬೊಬ್ಬನ ಅಳತೆ ಹಿಡಿಯಲು ಪುರಸೊತ್ತಿಲ್ಲ. ಕೆಲವು ಸೈಜುಗಳನ್ನು ಗೊತ್ತುಮಾಡಿ ರಾಶಿರಾಶಿ ಹೊಲಿದರು. ಯುದ್ಧ ಮುಗಿದ ಮೇಲೆ ಅದೇ ಪದ್ಧತಿ ಅಂಗಡಿಗೆ ಬಂತು. ರೆಡಿಮೇಡ್ ಬಟ್ಟೆ ಅಗ್ಗವಾಯಿತು. ಆದರೆ ಅಂಗಡಿಯ ‘ಮೀಡಿಯಂ’ ಎಂಬುದು ಯಾವ ಮನುಷ್ಯನ ಮೈಯೂ ಅಲ್ಲ, ಹಲವರ ಮೈಯ ಸರಾಸರಿ. ಆ ಸರಾಸರಿಗೂ ನಿಜವಾದ ಮೈಗೂ ನಡುವೆ ಉಳಿಯುವ ಎರಡು ಬೆರಳಿನ ಜಾಗ ಯಾರು ತುಂಬಬೇಕು? ಟ್ವೇನ್ ಕೈ ಹಾಕಿದ್ದು ಅಲ್ಲಿಗೆ.

ಹಾಸಿಗೆಯಲ್ಲಿ ಹೊಳೆದ ಉಪಾಯ

ಆಗಿನ ಗಂಡಸರು ಅಂಗಿಯ ಮೇಲೆ ತೋಳಿಲ್ಲದ ವೇಸ್ಟ್‌ಕೋಟು ತೊಡುತ್ತಿದ್ದರು. ಅದು ಬೆನ್ನಿನ ಕಡೆ ಸಡಿಲವಾಗದಂತೆ ಹಿಂದೆ ಒಂದು ಪಟ್ಟಿ ಇರುತ್ತಿತ್ತು. ಪ್ಯಾಂಟು ಜಾರದಂತೆ ಹೆಗಲ ಮೇಲಿಂದ ಸಸ್ಪೆಂಡರ್ ಪಟ್ಟಿ ಇಳಿಬಿಡುತ್ತಿದ್ದರು. ಟ್ವೇನ್‌ಗೆ ಈ ಸಸ್ಪೆಂಡರ್ ಕಂಡರೆ ಆಗುತ್ತಿರಲಿಲ್ಲ ಎಂಬ ಮಾತಿದೆ.

ಪಟ್ಟಿ ಹೊಳೆದ ಬಗೆಯನ್ನು ಟ್ವೇನ್ ತಾನೇ 1871ರ ಅಕ್ಟೋಬರಿನಲ್ಲಿ ಪೇಟೆಂಟ್ ಕಚೇರಿಗೆ ಬರೆದು ತಿಳಿಸಿದ್ದಾನೆ. ಆತನ ಹೇಳಿಕೆಯ ಸಾರಾಂಶ ಹೀಗಿದೆ. ನಾಲ್ಕೈದು ವರ್ಷಗಳಿಂದ ಇಂಥದ್ದೊಂದು ಪಟ್ಟಿಯ ಯೋಚನೆ ತಲೆಯಲ್ಲಿತ್ತು, ದಾರಿ ಸಿಕ್ಕಿರಲಿಲ್ಲ. ಆಗಸ್ಟ್ 13ರ ಬೆಳಗ್ಗೆ ಹಾಸಿಗೆಯಲ್ಲಿ ಮಲಗಿದ್ದಾಗ ಮತ್ತೆ ನೆನಪಾಯಿತು. ಏಳುವುದರೊಳಗೆ ಇದನ್ನು ಕಂಡುಹಿಡಿದೇ ಬಿಡಬೇಕೆಂದು ಹಟ ತೊಟ್ಟ. ಎಳೆದರೆ ಹಿಗ್ಗುವ ಇಲಾಸ್ಟಿಕ್ ಪಟ್ಟಿ ಎಂಬುದು ಹೊಳೆಯಿತು. ಬಟ್ಟೆ ಹಾಕಿಕೊಳ್ಳುವಾಗ ಎರಡನೇ ವಿಚಾರ ಬಂತು. ಪಟ್ಟಿ ಹೊಲಿದುಬಿಟ್ಟರೆ ಉಪಯೋಗವಿಲ್ಲ, ಬೇಕಾದಾಗ ಬಿಗಿ ಮಾಡುವಂತೆ, ಬೇಡವಾದಾಗ ತೆಗೆದಿಡುವಂತೆ ಇರಬೇಕು. ಅದಕ್ಕೆ ಪಟ್ಟಿಯ ಎರಡೂ ತುದಿಗೆ ಎರಡು ಮೂರು ಕಾಜ, ಬಟ್ಟೆಗೆ ಗುಂಡಿ. ಮುಖ ತೊಳೆಯುವಾಗ ಮೂರನೇ ವಿಚಾರ. ವೇಸ್ಟ್‌ಕೋಟಿಗೆ ಆದದ್ದು ಪ್ಯಾಂಟಿಗೂ ಆಗುತ್ತದೆ! ಎರಡಕ್ಕೂ ಚಿತ್ರ ಬರೆದ.

ತಿಂಡಿ ಮುಗಿಸಿ ನೇರ ಅಣ್ಣ ಓರಿಯನ್ ಕ್ಲೆಮೆನ್ಸ್ ಬಳಿ ಹೋದ. ಓರಿಯನ್ ಆಗ ‘ಅಮೆರಿಕನ್ ಪಬ್ಲಿಷರ್’ ಎಂಬ ಪತ್ರಿಕೆಯ ಸಂಪಾದಕ. ಚಿತ್ರ ತೋರಿಸಿ, ಈ ದಿನಾಂಕವನ್ನೂ ನಡೆದದ್ದನ್ನೂ ನಿನ್ನ ನೋಟ್‌ಬುಕ್ಕಿನಲ್ಲಿ ಬರೆದಿಡು ಎಂದು ಕೇಳಿಕೊಂಡ. ಹುಡುಗಾಟದಂತೆ ಕಾಣುವ ಈ ಕೊನೆಯ ಹೆಜ್ಜೆಯೇ ಮುಂದೆ ಕೆಲಸಕ್ಕೆ ಬಂತು.

ಆಗ ಟ್ವೇನ್‌ಗೆ 35 ವರ್ಷ. ‘ಟಾಮ್ ಸಾಯರ್’ ಪ್ರಕಟವಾಗಲು ಇನ್ನೂ 5 ವರ್ಷ ಇತ್ತು.

ಪಟ್ಟಿ ಕೆಲಸ ಮಾಡುವ ಬಗೆ

ಬಟ್ಟೆಯನ್ನು ಮೈಗೆ ಹೊಂದಿಸಲು ಇರುವ ದಾರಿ ಮುಖ್ಯವಾಗಿ ನಾಲ್ಕು.

ಒಂದು, ಕಟ್ಟುವುದು. ಲಾಡಿ, ಕಸೆ ಈ ಜಾತಿ. ಎಷ್ಟು ಬೇಕಾದರೂ ಬಿಗಿ ಮಾಡಬಹುದು, ಆದರೆ ಗಂಟು ಜಾರುತ್ತದೆ ಅಥವಾ ಬಿಚ್ಚಲು ಬಾರದಂತೆ ಕಗ್ಗಂಟಾಗುತ್ತದೆ.

ಎರಡು, ಮೆಟ್ಟಿಲು. ಸಾಲಾಗಿ ಕಾಜ ಅಥವಾ ಹುಕ್ಕು ಇಟ್ಟು, ಬೇಕಾದ ಮೆಟ್ಟಿಲಿಗೆ ಸಿಕ್ಕಿಸುವುದು. ಜಾರುವುದಿಲ್ಲ. ಆದರೆ ಎರಡು ಮೆಟ್ಟಿಲ ನಡುವಿನ ಅಳತೆ ಸಿಗುವುದಿಲ್ಲ.

ಮೂರು, ಸರಿಸುವುದು. ಬಕಲ್ ಇರುವ ಪಟ್ಟಿ, ಶಾಲೆಯ ಚೀಲದ ಹೆಗಲ ಪಟ್ಟಿ ಈ ಬಗೆಯವು. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. ಹಳೆಯದಾದಂತೆ ಹಿಡಿತ ತಪ್ಪುತ್ತದೆ.

ನಾಲ್ಕು, ಹಿಗ್ಗುವುದು. ಇಲಾಸ್ಟಿಕ್ ತಾನೇ ಮೈಯ ಜೊತೆ ಹಿಗ್ಗಿ ಕುಗ್ಗುತ್ತದೆ. ಉಸಿರಾಡಿದರೂ, ಬಗ್ಗಿದರೂ, ಕೂತರೂ ಹೊಂದಿಕೊಳ್ಳುತ್ತದೆ. ಆದರೆ ಇಲಾಸ್ಟಿಕ್ ಒಂದನ್ನೇ ನಂಬಿದರೆ ತೆಳ್ಳಗಿನವರಿಗೆ ಸಡಿಲ, ದಪ್ಪಗಿನವರಿಗೆ ಬಿಗಿಯಾಗಿ ಚರ್ಮದ ಮೇಲೆ ಬರೆ.

ಟ್ವೇನ್‌ನ ಪಟ್ಟಿಯ ಜಾಣತನ ಇರುವುದು ಎರಡನೆಯದನ್ನೂ ನಾಲ್ಕನೆಯದನ್ನೂ ಕೂಡಿಸಿದ್ದರಲ್ಲಿ. ಕಾಜದ ಮೆಟ್ಟಿಲು ದೊಡ್ಡ ವ್ಯತ್ಯಾಸವನ್ನು ನೋಡಿಕೊಳ್ಳುತ್ತದೆ. ಎರಡು ಮೆಟ್ಟಿಲ ನಡುವೆ ಉಳಿಯುವ ಸಣ್ಣ ವ್ಯತ್ಯಾಸವನ್ನು ಇಲಾಸ್ಟಿಕ್ ನೋಡಿಕೊಳ್ಳುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಅದನ್ನು ತೆಗೆದಿಡಬಹುದು ಎಂಬುದೂ ಸಣ್ಣ ಮಾತಲ್ಲ. ಬಟ್ಟೆಗಿಂತ ಇಲಾಸ್ಟಿಕ್ ಬೇಗ ಸೋಲುತ್ತದೆ. ಬಿಸಿನೀರು, ಬಿಸಿಲು, ಇಸ್ತ್ರಿ ಮೂರೂ ಅದಕ್ಕೆ ಆಗುವುದಿಲ್ಲ. ಹೊಲಿದುಬಿಟ್ಟ ಇಲಾಸ್ಟಿಕ್ ಸತ್ತರೆ ಗಟ್ಟಿಯಿರುವ ಚಡ್ಡಿಯೂ ಮೂಲೆ ಸೇರುತ್ತದೆ. ಗುಂಡಿ ಬಿಚ್ಚಿ ತೆಗೆಯುವಂತಿದ್ದರೆ ಪಟ್ಟಿ ಮಾತ್ರ ಬದಲಿಸಿದರಾಯಿತು.

ಇದೆಲ್ಲ ಸಾಧ್ಯವಾದದ್ದು ರಬ್ಬರಿನಿಂದ. ಇಂಗ್ಲೆಂಡಿನ ಥಾಮಸ್ ಹ್ಯಾನ್ಕಾಕ್ 1820ರಲ್ಲೇ ಕೈಗವಸು, ಸಸ್ಪೆಂಡರ್‌ಗಳಿಗೆ ರಬ್ಬರ್ ತುಂಡು ಜೋಡಿಸಲು ಪೇಟೆಂಟ್ ಪಡೆದಿದ್ದ. ಆದರೆ ಹಸಿ ರಬ್ಬರ್ ಸೆಕೆಗೆ ಅಂಟಾಗುತ್ತಿತ್ತು, ಚಳಿಗೆ ಗಡುಸಾಗುತ್ತಿತ್ತು. ಗಂಧಕ ಸೇರಿಸಿ ಕಾಯಿಸಿ ರಬ್ಬರನ್ನು ಹದಗೊಳಿಸುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಆ ಮೇಲೆಯೇ ನಂಬಬಹುದಾದ ಇಲಾಸ್ಟಿಕ್ ಬಂದದ್ದು. ಅಂದರೆ ಟ್ವೇನ್ ಹೊಸ ವಸ್ತು ಏನನ್ನೂ ತರಲಿಲ್ಲ. ಇಲಾಸ್ಟಿಕ್ ಇತ್ತು, ಗುಂಡಿ ಇತ್ತು, ಕಾಜ ಇತ್ತು. ಮೂರನ್ನೂ ಒಂದು ಕೆಲಸಕ್ಕೆ ಜೋಡಿಸಿದ್ದು ಆತನದು.

ಇನ್ನೊಬ್ಬ ಹಕ್ಕುದಾರ

ಟ್ವೇನ್ ಅರ್ಜಿ ಹಾಕಿದಾಗ ಒಂದು ತೊಡಕು ಎದುರಾಯಿತು. ಬಾಲ್ಟಿಮೋರಿನ ಹೆನ್ರಿ ಲಾಕ್‌ವುಡ್ ಎಂಬಾತನೂ ಇಂಥದ್ದೇ ಪಟ್ಟಿಗೆ ಅರ್ಜಿ ಹಾಕಿದ್ದ! ಆಗಿನ ಅಮೆರಿಕದ ನಿಯಮದಂತೆ ಯಾರು ಮೊದಲು ಅರ್ಜಿ ಹಾಕಿದರು ಎಂಬುದಕ್ಕಿಂತ ಯಾರಿಗೆ ಮೊದಲು ಹೊಳೆಯಿತು ಎಂಬುದು ಮುಖ್ಯ. ಹಾಸಿಗೆ, ಮುಖ ತೊಳೆದದ್ದು, ತಿಂಡಿ ಇವನ್ನೆಲ್ಲ ಟ್ವೇನ್ ಬಿಡದೆ ಬರೆದು ಕಳಿಸಿದ್ದು ಅದಕ್ಕೇ. ಮೊದಲು ಬರೆದ ಚಿತ್ರಗಳು ಜೊತೆಗಿದ್ದವು, ಅಣ್ಣನ ನೋಟ್‌ಬುಕ್ಕಿನ ಮಾತೂ ಇತ್ತು. ಕೊನೆಗೆ ಟ್ವೇನ್‌ನ ಹಕ್ಕೇ ಗೆದ್ದಿತು.

1871ರ ಡಿಸೆಂಬರ್ 19ರಂದು ಪೇಟೆಂಟ್ ಸಿಕ್ಕಿತು. ಸಂಖ್ಯೆ 1,21,992. ವೇಸ್ಟ್‌ಕೋಟು, ಪ್ಯಾಂಟು ಹಾಗೂ ಪಟ್ಟಿ ಬೇಕಾಗುವ ಇತರ ಉಡುಪುಗಳಿಗಾಗಿ ಹೊಂದಿಸಬಹುದಾದ, ತೆಗೆದಿಡಬಹುದಾದ ಇಲಾಸ್ಟಿಕ್ ಪಟ್ಟಿ ಎಂಬುದು ಅದರ ವಿಷಯ. ಇದರ ಪ್ರಯೋಜನ ಕಣ್ಣಿಗೆ ಕಾಣುವಷ್ಟು ಸ್ಪಷ್ಟ, ವಿವರಿಸುವ ಅಗತ್ಯವೇ ಇಲ್ಲ ಎಂಬ ಅರ್ಥದ ಮಾತನ್ನೂ ಟ್ವೇನ್ ಅದರಲ್ಲಿ ಸೇರಿಸಿದ್ದಾನೆ.

ಲಾಭ ಯಾರಿಗೆ?

ಅಷ್ಟು ಸ್ಪಷ್ಟವಾದ ಪ್ರಯೋಜನವಿದ್ದರೂ ಪಟ್ಟಿಯಿಂದ ಟ್ವೇನ್‌ಗೆ ಹೇಳಿಕೊಳ್ಳುವಂಥ ಹಣ ಬರಲಿಲ್ಲ. ಆಗ ಅಮೆರಿಕದಲ್ಲಿ ಪೇಟೆಂಟಿನ ಅವಧಿ 17 ವರ್ಷ. 1888ಕ್ಕೆ ಅದು ಮುಗಿದು ಪಟ್ಟಿ ಎಲ್ಲರ ಸೊತ್ತಾಯಿತು. 1873ರಲ್ಲಿ ಪೇಟೆಂಟ್ ಪಡೆದ, ಅಂಟು ಮೊದಲೇ ಹಚ್ಚಿರುವ ಸ್ಕ್ರ್ಯಾಪ್‌ಬುಕ್ ಆತನಿಗೆ ಲಾಭ ತಂದಿತು. 1885ರಲ್ಲಿ ಇತಿಹಾಸದ ಇಸವಿಗಳನ್ನು ನೆನಪಿಡಿಸುವ ಒಂದು ಆಟಕ್ಕೂ ಪೇಟೆಂಟ್ ಪಡೆದ, ಅದು ನಡೆಯಲಿಲ್ಲ.

ಸಣ್ಣ ವಸ್ತು ಕಂಡುಹಿಡಿದಾತ ದೊಡ್ಡ ಯಂತ್ರಕ್ಕೆ ಹಣ ಹಾಕಿ ಕೈ ಸುಟ್ಟುಕೊಂಡದ್ದು ಇನ್ನೊಂದು ಕಥೆ. ಅಚ್ಚಿನ ಮೊಳೆ ಜೋಡಿಸುವ ಪೇಜ್ ಯಂತ್ರಕ್ಕೆ ಟ್ವೇನ್ ಲಕ್ಷಾಂತರ ಡಾಲರ್ ಸುರಿದ. ಯಂತ್ರ ಗೆಲ್ಲಲಿಲ್ಲ. 1894ರಲ್ಲಿ ಆತನ ಪ್ರಕಾಶನ ಸಂಸ್ಥೆಯೂ ದಿವಾಳಿಯಾಯಿತು. ಸಾಲ ತೀರಿಸಲು ಊರೂರು ಸುತ್ತಿ ಭಾಷಣ ಮಾಡುತ್ತ 1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದ. ಪುಣೆ, ಕಾಶಿ, ಕಲ್ಕತ್ತ ಎಂದು ತಿರುಗಿದ. ಕನ್ನಡನಾಡಿನತ್ತ ಬರಲಿಲ್ಲ. 1898ರ ಹೊತ್ತಿಗೆ ಸಾಲವನ್ನೆಲ್ಲ ತೀರಿಸಿದ.

ಇಂಥ ಸಣ್ಣ ವಸ್ತುಗಳ ಕಥೆಯೇ ಹೀಗೆ. ತಾಳಿಯ ಸರಕ್ಕೆ, ಕೈಯ ಬಳೆಗೆ ನಾಲ್ಕು ಸಿಕ್ಕಿಸಿಕೊಂಡೇ ಇರುವ ಸೇಫ್ಟಿ ಪಿನ್ನನ್ನು ಈಗಿನ ರೂಪಕ್ಕೆ ತಂದವನು ನ್ಯೂಯಾರ್ಕಿನ ವಾಲ್ಟರ್ ಹಂಟ್. 1849ರ ಏಪ್ರಿಲ್ 10ರಂದು ಪೇಟೆಂಟ್ ಪಡೆದ. 15 ಡಾಲರಿನ ಒಂದು ಸಾಲ ತೀರಿಸಬೇಕಿತ್ತಂತೆ. ಪೇಟೆಂಟನ್ನು 400 ಡಾಲರಿಗೆ ಮಾರಿಬಿಟ್ಟ. ಜಗತ್ತಿನ ಮನೆಮನೆಯನ್ನೂ ಸೇರಿದ ಪಿನ್ನಿನಿಂದ ಆತನಿಗೆ ಬಂದದ್ದು ಅಷ್ಟೇ.

ಆ ಪಟ್ಟಿ ಈಗ ಎಲ್ಲಿದೆ?

‘ಮಾರ್ಕ್ ಟ್ವೇನ್ ಬ್ರಾದ ಹುಕ್ಕು ಕಂಡುಹಿಡಿದ’ ಎಂಬ ಮಾತು ಇಂಟರ್‌ನೆಟ್ಟಿನಲ್ಲಿ ಬಹಳ ಓಡಾಡಿದೆ. ಅದು ಪೂರ್ತಿ ಸರಿಯಲ್ಲ. ಟ್ವೇನ್‌ನ ಪಟ್ಟಿಯಲ್ಲಿದ್ದದ್ದು ಗುಂಡಿ, ಕಾಜ. ಆತನ ತಲೆಯಲ್ಲಿದ್ದದ್ದು ವೇಸ್ಟ್‌ಕೋಟು. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಎರಡು ಕರವಸ್ತ್ರ ಮತ್ತು ರಿಬ್ಬನ್‌ನಿಂದ ಶುರುಮಾಡಿ, ಬೆನ್ನು ಬಿಗಿಯದ ಹೊಸ ಒಳ ಉಡುಪಿಗೆ ಪೇಟೆಂಟ್ ಪಡೆದದ್ದು 1914ರಲ್ಲಿ, ಅಂದರೆ 43 ವರ್ಷಗಳ ಬಳಿಕ. ಒಂದೇ ಉಡುಪು ಬೇರೆ ಬೇರೆ ಮೈಕಟ್ಟಿನ ಹಲವರಿಗೆ ಹೊಂದುತ್ತದೆ ಎಂಬುದನ್ನು ಆಕೆಯೂ ತನ್ನ ಪೇಟೆಂಟಿನಲ್ಲಿ ಹೇಳಿಕೊಂಡಿದ್ದಳು. ಮುಂದೆ ಆಕೆ ಆ ಪೇಟೆಂಟನ್ನು 1,500 ಡಾಲರಿಗೆ ವಾರ್ನರ್ ಕಂಪನಿಗೆ ಮಾರಿದಳು.

ಆದರೆ ತತ್ವ ಒಂದೇ ಎಂಬುದು ನಿಜ. ಈಗಿನ ಬ್ರಾದ ಹಿಂದಿನ ಇಲಾಸ್ಟಿಕ್ ಪಟ್ಟಿ, ಅದರ ತುದಿಯಲ್ಲಿ ಸಾಮಾನ್ಯವಾಗಿ ಇರುವ ಹುಕ್ಕಿನ 3 ಸಾಲು ಕೂಡ ಮೆಟ್ಟಿಲು ಮತ್ತು ಹಿಗ್ಗುವಿಕೆ ಎರಡನ್ನೂ ಕೂಡಿಸಿದ ಉಪಾಯವೇ. ಹೊಸದನ್ನು ಕೊನೆಯ, ಅಂದರೆ ಅತಿ ಸಡಿಲದ ಸಾಲಿಗೆ ಹಾಕಿ ಸರಿಯಾಗುವಂಥದ್ದನ್ನು ಕೊಳ್ಳಬೇಕು. ಇಲಾಸ್ಟಿಕ್ ಸೋತಂತೆ ಒಳಗಿನ ಸಾಲಿಗೆ ಹೋಗಬಹುದು. ಇದು ಗೊತ್ತಿಲ್ಲದೆ ಹೊಸದನ್ನೇ ಒಳಸಾಲಿಗೆ ಬಿಗಿದು ಹಾಕುವವರು ಬಹಳ.

ಜೀನ್ಸ್ ಪ್ಯಾಂಟಿನ ಚರಿತ್ರೆಯಲ್ಲೂ ಇಂಥ ಪಟ್ಟಿ ಇದೆ. ಜೇಕಬ್ ಡೇವಿಸ್ ಮತ್ತು ಲೆವೈ ಸ್ಟ್ರಾಸ್ 1873ರಲ್ಲಿ ತಾಮ್ರದ ರಿವೆಟ್ ಹೊಡೆದ ಪ್ಯಾಂಟಿಗೆ ಪೇಟೆಂಟ್ ಪಡೆದರು. ಆಗ ಪ್ಯಾಂಟಿಗೆ ಬೆಲ್ಟ್ ಹಾಕುವ ಕುಣಿಕೆ ಇರಲಿಲ್ಲ. ಸಸ್ಪೆಂಡರಿನ ಗುಂಡಿ ಮತ್ತು ಹಿಂದೆ ಬಕಲ್ ಇರುವ ಒಂದು ಗಿಡ್ಡ ಪಟ್ಟಿ ಇರುತ್ತಿತ್ತು. ಕೊಂಡವನು ಪಟ್ಟಿ ಎಳೆದು ಸೊಂಟ ಹೊಂದಿಸಿಕೊಳ್ಳುತ್ತಿದ್ದ. ಲೆವೈಸ್ ಪ್ಯಾಂಟಿಗೆ ಬೆಲ್ಟಿನ ಕುಣಿಕೆ ಬಂದದ್ದು 1922ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆ, ಲೋಹ ಉಳಿಸಲೆಂದು ಹಿಂದಿನ ಪಟ್ಟಿಯನ್ನು ತೆಗೆದರು. ರಾಯದುರ್ಗ, ಬಳ್ಳಾರಿಯ ಜೀನ್ಸ್ ಹೊಲಿಗೆ ಮನೆಗಳಲ್ಲಿ ಈಗ ಸಾಲಾಗಿ ಕೂರಿಸುವ ಬೆಲ್ಟ್ ಕುಣಿಕೆಯ ಹಿಂದೆ ಇಷ್ಟು ಕಥೆ ಇದೆ.

ಟ್ವೇನ್‌ನ ಪಟ್ಟಿ ಹೆಚ್ಚುಕಡಿಮೆ ಅದೇ ರೂಪದಲ್ಲಿ ಕಾಣುವುದು ಮಾತ್ರ ಮಕ್ಕಳ ರೆಡಿಮೇಡ್ ಪ್ಯಾಂಟಿನಲ್ಲಿ. ಕೆಲವು ಪ್ಯಾಂಟುಗಳ ಸೊಂಟಪಟ್ಟಿಯ ಒಳಗೆ ಕೈ ಹಾಕಿ ನೋಡಿದರೆ ಸಾಲಾಗಿ ಕಾಜ ಇರುವ ಇಲಾಸ್ಟಿಕ್ ಪಟ್ಟಿ, ಅದನ್ನು ಸಿಕ್ಕಿಸುವ ಎರಡು ಸಣ್ಣ ಗುಂಡಿ ಕಾಣುತ್ತವೆ. ಎಷ್ಟೋ ಮನೆಗಳಲ್ಲಿ ಅದು ಏತಕ್ಕೆಂದು ಗೊತ್ತಿಲ್ಲದೆ ಹಾಗೇ ಬಿಟ್ಟಿರುತ್ತಾರೆ. ಪ್ಯಾಂಟು ಜಾರುತ್ತಿರುತ್ತದೆ, ಪರಿಹಾರ ಒಳಗೇ ಇರುತ್ತದೆ!

ಊರಿನ ಟೈಲರ್ ಮಾಡಬಹುದಾದದ್ದು

ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಸೊಂಟಪಟ್ಟಿಯ ಒಳಪದರದಲ್ಲಿ ಎರಡೂ ಪಕ್ಕದ ಹೊಲಿಗೆಯ ಹತ್ತಿರ ಒಂದೊಂದು ಸೀಳು ಬಿಟ್ಟು, ಅಂಚು ಹೊಲಿಯಬೇಕು. ಪ್ರತಿ ಸೀಳಿನ ಮುಂದೆ ಒಂದು ಚಪ್ಪಟೆ ಗುಂಡಿ. ಹಿಂಭಾಗದ ಸೊಂಟಪಟ್ಟಿಯೊಳಗೆ ಒಂದು ಸೀಳಿನಿಂದ ಇನ್ನೊಂದು ಸೀಳಿಗೆ ಇಲಾಸ್ಟಿಕ್ ಪಟ್ಟಿ ತೂರಿಸಿ, ಎರಡೂ ತುದಿಯ ಕಾಜವನ್ನು ಗುಂಡಿಗೆ ಹಾಕಿದರೆ ಮುಗಿಯಿತು. ಕಾಜ ಇರುವ ಇಲಾಸ್ಟಿಕ್ ಸಿಗದಿದ್ದರೆ ಸಾದಾ ಇಲಾಸ್ಟಿಕ್‌ನ ಎರಡು ತುದಿಗೆ ಗಟ್ಟಿ ಬಟ್ಟೆಯ ತುಂಡು ಹೊಲಿದು ಅದರಲ್ಲಿ ಮೂರು ಮೂರು ಕಾಜ ಮಾಡಬಹುದು. ಟ್ವೇನ್ ಹೇಳಿದ್ದೂ ತುದಿಗೆ ಎರಡು ಮೂರು ಕಾಜವನ್ನೇ.

ಲೆಕ್ಕವೂ ಸುಲಭ. ಕಾಜಗಳ ನಡುವೆ ಒಂದು ಇಂಚು ಅಂತರವಿದ್ದರೆ, ಎರಡೂ ಕಡೆ ಒಂದೊಂದು ಕಾಜ ಮುಂದೆ ಸರಿಸಿದಾಗ ಸೊಂಟ ಎರಡು ಇಂಚು ಕಡಿಮೆಯಾಗುತ್ತದೆ. ಅರ್ಧ ಇಂಚು ಅಂತರವಿದ್ದರೆ ಒಂದು ಇಂಚು. 22 ಇಂಚು ಸೊಂಟದ ಹುಡುಗನಿಗೆ 24 ಇಂಚಿನ ಪ್ಯಾಂಟು ತಂದರೂ ಈ ವರ್ಷ ಜಾರುವುದಿಲ್ಲ. ಮುಂದಿನ ವರ್ಷ ಒಂದು ಕಾಜ ಹಿಂದಕ್ಕೆ, ಅದರ ಮುಂದಿನ ವರ್ಷ ಪಟ್ಟಿಯನ್ನೇ ತೆಗೆದುಬಿಡಬಹುದು. ತಮ್ಮನಿಗೆ ಬಂದಾಗ ಮತ್ತೆ ಹಾಕಬಹುದು.

ಮಿತಿಯೂ ಉಂಟು. ಬಹಳ ಎಳೆದರೆ ಹಿಂಭಾಗದಲ್ಲಿ ಬಟ್ಟೆ ನೆರಿಗೆಯಾಗಿ ಉಬ್ಬುತ್ತದೆ, ಕೂತರೆ ಒತ್ತುತ್ತದೆ. ಪಟ್ಟಿ ಹೊಂದಿಸುವುದು ಸೊಂಟವನ್ನು ಮಾತ್ರ. ಉದ್ದಕ್ಕೆ ಕಾಲಿನ ಅಂಚಿನಲ್ಲಿ ಒಳಮಡಿಕೆ ಬಿಡಲೇಬೇಕು. ಮೈಯಲ್ಲಿ ಕೆಂಪು ಗೆರೆ ಮೂಡುವಷ್ಟು ಬಿಗಿ ಹಾಕಬಾರದು. ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು.

ಇದೇ ಪಟ್ಟಿ ಬಸುರಿಯ ಚೂಡಿದಾರಕ್ಕೂ, ಆಪರೇಷನ್ ಆದವರ ಪ್ಯಾಂಟಿಗೂ, ಸೊರಗಿದ ಅಜ್ಜನ ಚಡ್ಡಿಗೂ ಸಲ್ಲುತ್ತದೆ. ಕೈ ನಡುಗಿ ಲಾಡಿಯ ಗಂಟು ಬಿಚ್ಚಲಾಗದ ಹಿರಿಯರಿಗೆ ಎಳೆದರೆ ಹಿಗ್ಗುವ ಸೊಂಟಪಟ್ಟಿ ಎಷ್ಟು ದೊಡ್ಡ ಉಪಕಾರ ಎಂಬುದು ಅವರನ್ನು ನೋಡಿಕೊಳ್ಳುವವರಿಗೆ ಗೊತ್ತು.

ಹೊಸದು ಹೊಳೆದರೆ?

ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವರಿಗೆ ಇಂಥ ಉಪಾಯಗಳು ಹೊಳೆಯುವುದು ಅಪರೂಪವಲ್ಲ. ಅಂಥವರು ಟ್ವೇನ್‌ನ ಕಥೆಯಿಂದ ತಿಳಿಯಬೇಕಾದದ್ದು ಒಂದಿದೆ. ಆತನ ಕಾಲದ ನಿಯಮ ಈಗಿಲ್ಲ. ಅಮೆರಿಕ ಕೂಡ 2013ರ ಮಾರ್ಚಿನಿಂದ ‘ಮೊದಲು ಅರ್ಜಿ ಹಾಕಿದವರಿಗೆ ಹಕ್ಕು’ ಎಂಬ ಪದ್ಧತಿಗೆ ಬಂದಿದೆ. ಭಾರತದಲ್ಲೂ ಲೆಕ್ಕಕ್ಕೆ ಬರುವುದು ಅರ್ಜಿಯ ದಿನಾಂಕ. ಅಣ್ಣನ ನೋಟ್‌ಬುಕ್ ಈಗ ನಡೆಯುವುದಿಲ್ಲ!

ಭಾರತದ ಪೇಟೆಂಟ್ ಕಾಯ್ದೆ 1970ರದ್ದು. ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಕೆಲಸ ಪೂರ್ತಿಯಾಗದಿದ್ದರೂ ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರ ಕೊಡಲು ಅವಕಾಶವಿದೆ. ದೊಡ್ಡ ಕಂಪನಿಗಳಿಗಿಂತ ವ್ಯಕ್ತಿಗಳಿಗೆ ಶುಲ್ಕ ಕಡಿಮೆ. ಗಡಿಭಾಗದವರಿಗೆ ಕಚೇರಿ ಎರಡು ಕಡೆ ಹಂಚಿಹೋಗಿದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ ಮತ್ತು ಗೋವಾದವರು ಮುಂಬಯಿ ಕಚೇರಿಯ ವ್ಯಾಪ್ತಿಗೆ ಸೇರುತ್ತಾರೆ. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದವರು ಕರ್ನಾಟಕದವರಂತೆಯೇ ಚೆನ್ನೈ ಕಚೇರಿಯ ವ್ಯಾಪ್ತಿಗೆ. ಅರ್ಜಿಯನ್ನು ಆನ್‌ಲೈನ್‌ನಲ್ಲೂ ಹಾಕಬಹುದು.

ಎಚ್ಚರಿಕೆ ಎರಡು. ಅರ್ಜಿ ಹಾಕುವ ಮೊದಲೇ ಸಂತೆಯಲ್ಲಿ ಮಾರಿದರೆ, ಜಾತ್ರೆಯಲ್ಲಿ ತೋರಿಸಿದರೆ, ಫೋನಿನಲ್ಲಿ ವೀಡಿಯೊ ಮಾಡಿ ಹಂಚಿದರೆ ‘ಹೊಸದು’ ಎಂಬ ಹಕ್ಕೇ ಹೋಗಬಹುದು. ಎರಡನೆಯದು, ಗೊತ್ತಿರುವ ವಸ್ತುಗಳನ್ನು ಸುಮ್ಮನೆ ಒಟ್ಟಿಗೆ ಇಟ್ಟರೆ ಭಾರತದ ಕಾಯ್ದೆ ಅದನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಒಂದಕ್ಕೊಂದು ಕೂಡಿ ಹೊಸ ಕೆಲಸ ನಡೆಯಬೇಕು. ಜೊತೆಗೆ, ಅದು ಆ ಕಸುಬು ಬಲ್ಲ ಯಾರಿಗಾದರೂ ತಾನಾಗಿ ಹೊಳೆಯುವಂಥದ್ದಾಗಿರಬಾರದು. ಪ್ರಯೋಜನ ಎಲ್ಲರಿಗೂ ಸ್ಪಷ್ಟವಾಗಿರಲಿ, ಉಪಾಯ ಮಾತ್ರ ಎಲ್ಲರಿಗೂ ಹೊಳೆಯುವಂಥದ್ದಾಗಿರಬಾರದು. ಟ್ವೇನ್ ಸ್ಪಷ್ಟ ಎಂದದ್ದು ಪ್ರಯೋಜನವನ್ನು.

ಆದರೆ ಕಾಜವಿರುವ ಇಲಾಸ್ಟಿಕ್ ಪಟ್ಟಿಗೆ ಈಗ ಯಾರ ಅಪ್ಪಣೆಯೂ ಬೇಡ. 1888ರಿಂದಲೇ ಅದು ಎಲ್ಲರದ್ದು. ಒಂದು ಮೊಳ ಇಲಾಸ್ಟಿಕ್, ಎರಡು ಗುಂಡಿ, ಅರ್ಧ ಗಂಟೆಯ ಹೊಲಿಗೆ ಇದ್ದರೆ ಸಾಕು. ಬಟ್ಟೆಗೆ ಹೊಂದುವಂತೆ ಮೈ ಬೆಳೆಯಲಿ ಎಂದು ಕಾಯುವುದಕ್ಕಿಂತ ಮೈಗೆ ಹೊಂದುವಂತೆ ಬಟ್ಟೆಯನ್ನು ಬಗ್ಗಿಸುವುದು ಸುಲಭ. ಶಾಲೆಗೆ ಹೋಗುವ ಹುಡುಗನ ಎರಡೂ ಕೈ ಪುಸ್ತಕಕ್ಕೆ, ಆಟಕ್ಕೆ ಬಿಡುವಾಗಲು ಅಷ್ಟು ಸಾಕು.